ಬಾಯಲ್ಲೂ ಎಚ್‌ಪಿವಿ ಇರತ್ತಾ, ಇದ್ರೆ ಎಷ್ಟು ಜನಕ್ಕೆ? ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ ಇದ್ವು, ಎಚ್‌ಪಿವಿ ಅಂದ್ರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್ ಸೋಂಕಿನ ಮೇಲೆ, ಅದಕ್ಕೆ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ ಇದನ್ನೇ ಪೂರ್ತಿ ತಗೊಂಡಿದೀನಿ. ಬಹಳ ಜನ ಹೆಸರು ಹಾಕ್ಬೇಡಿ ಅಂತ ಕೇಳ್ಕೊಂಡಿರೋದ್ರಿಂದ ಯಾರ ಹೆಸರೂ ಇಲ್ಲ.

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ 36 ವರ್ಷ, ಮದುವೆಯಾಗಿದೆ. ಎಚ್‌ಪಿವಿ ಅಂದ್ರೆ ಹೆಂಗಸರ ಗರ್ಭಕಂಠದ ಕ್ಯಾನ್ಸರ್‌ಗೆ ಸಂಬಂಧಪಟ್ಟಿದ್ದು ಅಂತಷ್ಟೇ ತಿಳ್ಕೊಂಡಿದ್ದೆ. ಮೊನ್ನೆ ಓದಿದೆ, ಅದು ಬಾಯಲ್ಲೂ ಇರತ್ತಂತೆ, ಗಂಟಲ ಕ್ಯಾನ್ಸರ್ ತರತ್ತಂತೆ, ಅದೂ ಅಲ್ಲದೆ ಹೆಚ್ಚುಕಮ್ಮಿ ಎಲ್ಲರಿಗೂ ಜೀವನದಲ್ಲಿ ಒಂದ್ಸಲ ಎಚ್‌ಪಿವಿ ಬಂದೇ ಬರತ್ತಂತೆ. ಹಾಗಾದ್ರೆ ಎಲ್ಲರ ಬಾಯಲ್ಲೂ ಇದೆ ಅಂತಾಯ್ತಲ್ಲ? ಆವತ್ತಿಂದ ರಾತ್ರಿ ಟಾರ್ಚ್ ಹಿಡ್ಕೊಂಡು ಕನ್ನಡಿ ಮುಂದೆ ಗಂಟಲು ನೋಡ್ಕೊಳ್ಳೋದೇ ಕೆಲಸ ಆಗಿದೆ.

ಉತ್ತರ: ಮೊದ್ಲು ಟಾರ್ಚ್ ಪಕ್ಕಕ್ಕಿಡಿ, ಬಾಯಲ್ಲಿರೋ ಎಚ್‌ಪಿವಿ ಬಹುಪಾಲು ಯಾವ ಗುರುತೂ ತೋರಿಸಲ್ಲ, ಎಷ್ಟು ಬೆಳಕು ಬಿಟ್ರೂ ಕಾಣಲ್ಲ. ನೀವು ಓದಿದ ಎರಡು ಮಾತೂ ನಿಜ. ಆದ್ರೆ ಎರಡನ್ನೂ ಕೂಡಿಸಿ ನೀವು ತೆಗೆದ ಮೂರನೇ ಮಾತು ಇದ್ಯಲ್ಲ, ಅದು ಸರಿಯಿಲ್ಲ.

ಎಚ್‌ಪಿವಿ ಅನ್ನೋದು ಒಂದು ವೈರಸ್ ಅಲ್ಲ, 200ಕ್ಕೂ ಹೆಚ್ಚು ವೈರಸ್‌ಗಳ ಒಂದು ದೊಡ್ಡ ಕುಟುಂಬ. ಕೈಕಾಲಲ್ಲಿ ಆಗೋ ನರೂಲಿಯೂ ಇದೇ ಕುಟುಂಬದ್ದು. ಜನನಾಂಗದ ಭಾಗದಲ್ಲಿ ಇದು ಬಹಳ ಸಾಮಾನ್ಯ. ಅಮೆರಿಕದಲ್ಲಿ 2013–14ರಲ್ಲಿ 18ರಿಂದ 59 ವರ್ಷದವರನ್ನ ಪರೀಕ್ಷೆ ಮಾಡಿದಾಗ 42.5% ಜನರಲ್ಲಿ, ಅಂದ್ರೆ ಹತ್ತಕ್ಕೆ ನಾಲ್ಕು ಜನಕ್ಕೂ ಮೇಲೆ ಸಿಕ್ತು. ಬಾಯಿಯ ಲೆಕ್ಕ ಬೇರೆನೇ. ಅದೇ ದೇಶದ ಅದೇ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಭಾಗವಾಗಿ 2009–10ರಲ್ಲಿ 14ರಿಂದ 69 ವರ್ಷದ ಸುಮಾರು 5,500 ಜನರ ಬಾಯಿ ಪರೀಕ್ಷೆ ಮಾಡಿದ್ರು, ಯಾವುದಾದ್ರೂ ಒಂದು ತರದ ಎಚ್‌ಪಿವಿ ಸಿಕ್ಕಿದ್ದು 6.9% ಜನರಲ್ಲಿ. ನೂರು ಜನರನ್ನ ಸಾಲಾಗಿ ನಿಲ್ಲಿಸಿದ್ರೆ ಏಳು ಜನ. ಆ ಏಳರಲ್ಲೂ ಎಲ್ಲವೂ ಕ್ಯಾನ್ಸರ್ ತರೋ ಜಾತಿಯಲ್ಲ, ಹೈ ರಿಸ್ಕ್ ಅಂತ ಕರೆಯೋ ಗುಂಪಿನವು 3.7% ಜನರಲ್ಲಿದ್ವು. ಇನ್ನು ಗಂಟಲ ಕ್ಯಾನ್ಸರ್‌ಗೆ ಮುಖ್ಯ ಕಾರಣ ಅಂತ ಬೊಟ್ಟು ಮಾಡೋದು ಟೈಪ್ 16ರ ಕಡೆಗೆ, ಅದು ಇದ್ದಿದ್ದು ಬರೀ 1% ಜನರಲ್ಲಿ.

ಈ ಪರೀಕ್ಷೆ ಹೇಗೆ ಮಾಡ್ತಾರೆ ಅಂತಲೂ ಹೇಳ್ಬಿಡ್ತೀನಿ, ಯಾಕಂದ್ರೆ ಅದು ಗೊತ್ತಾದ್ರೆ ಅಂಕಿ ಎಷ್ಟು ನಂಬಬೇಕು ಅನ್ನೋದೂ ಗೊತ್ತಾಗತ್ತೆ. ಬಂದವರ ಕೈಗೆ ಸ್ವಲ್ಪ ಮೌತ್‌ವಾಶ್ ಕೊಡ್ತಾರೆ. ಅದನ್ನ ಬಾಯಿಗೆ ಹಾಕ್ಕೊಂಡು 30 ಸೆಕೆಂಡ್ ಮುಕ್ಕಳಿಸಬೇಕು, ಮಧ್ಯೆ ತಲೆ ಹಿಂದಕ್ಕೆ ಎತ್ತಿ ಗಂಟಲಲ್ಲಿ ಗಳಗಳ ಅನ್ನಿಸಬೇಕು, ಆಮೇಲೆ ಒಂದು ಕಪ್ಪಿಗೆ ಉಗಿಯಬೇಕು, ಅಷ್ಟೇ. ಉಗಿದ ನೀರಿನ ಜೊತೆ ಬಾಯಿಯ, ಗಂಟಲಿನ ಒಳಚರ್ಮದ ಸಣ್ಣ ಸಣ್ಣ ಜೀವಕೋಶಗಳು ಉದುರಿ ಬಂದಿರತ್ತೆ, ಲ್ಯಾಬಲ್ಲಿ ಅದರೊಳಗಿನ ಡಿಎನ್‌ಎ ತೆಗೆದು ಪಿಸಿಆರ್ ಮಾಡಿ 37 ಟೈಪ್‌ಗಳಲ್ಲಿ ಯಾವ್ದಾದ್ರೂ ಇದ್ಯಾ ಅಂತ ಹುಡುಕ್ತಾರೆ. ಹಾಗಾಗಿ ಇದು ಆ ಒಂದು ದಿನ ಬಾಯಲ್ಲಿ ಏನಿತ್ತು ಅನ್ನೋದರ ಫೋಟೋ ಇದ್ದ ಹಾಗೆ. ಹೋದ ವರ್ಷ ಬಂದು ಹೋಗಿದ್ದು ಅದರಲ್ಲಿ ಕಾಣಲ್ಲ, ಮುಂದಿನ ತಿಂಗಳು ಬರೋದೂ ಕಾಣಲ್ಲ. ಟಾನ್ಸಿಲ್‌ನ ಆಳದ ಸಂದುಗಳಲ್ಲಿ ಅಡಗಿ ಕೂತಿದ್ದು ಮುಕ್ಕಳಿಸಿದ ನೀರಿಗೆ ಬರದೆ ಹೋಗೋದೂ ಉಂಟು.

ಬಂದಿದ್ದು ಸಾಮಾನ್ಯವಾಗಿ ಹೋಗತ್ತೆ, ಇದು ನಿಮ್ಮಂಥವರು ಮೊದ್ಲು ತಿಳ್ಕೋಬೇಕಾದ ವಿಷಯ. ಅಮೆರಿಕ, ಮೆಕ್ಸಿಕೊ, ಬ್ರೆಜಿಲ್ ಈ ಮೂರು ದೇಶಗಳ 1,600ಕ್ಕೂ ಹೆಚ್ಚು ಗಂಡಸರನ್ನ ಹಿಂಬಾಲಿಸಿ ನೋಡಿ 2013ರಲ್ಲಿ ಪ್ರಕಟ ಮಾಡಿದ ಒಂದು ಅಧ್ಯಯನ ಇದೆ. ಒಂದು ವರ್ಷದಲ್ಲಿ 4.4% ಗಂಡಸರ ಬಾಯಿಗೆ ಹೊಸದಾಗಿ ಎಚ್‌ಪಿವಿ ಬಂತು, ಬಂದಿದ್ದು ಅರ್ಧದಷ್ಟು ಜನರಲ್ಲಿ ಸುಮಾರು ಏಳು ತಿಂಗಳೊಳಗೆ ಹೊರಟೂ ಹೋಯ್ತು. ಮಾತ್ರೆ ಇಲ್ಲ ಕಷಾಯ ಇಲ್ಲ, ದೇಹ ತಾನೇ ಓಡಿಸತ್ತೆ. ತೊಂದರೆ ಕೊಡೋದು ಹೋಗದೆ ವರ್ಷಗಟ್ಟಲೆ ಬೀಡುಬಿಡೋ ಕೆಲವೇ ಕೆಲವು, ಅದರಲ್ಲೂ ಟೈಪ್ 16, ಅದೂ ಹತ್ತಾರು ವರ್ಷಗಳ ಮೇಲೆ. ಅಮೆರಿಕದವರದ್ದೇ ಇನ್ನೊಂದು ಲೆಕ್ಕ, 2017ರದ್ದು: ಟಾನ್ಸಿಲ್, ನಾಲಿಗೆ ಬುಡ ಇರೋ ಗಂಟಲ ಭಾಗದ ಕ್ಯಾನ್ಸರ್ ಜೀವಮಾನದಲ್ಲಿ ಬರೋದು 10,000 ಗಂಡಸರಲ್ಲಿ 37 ಜನಕ್ಕೆ, 10,000 ಹೆಂಗಸರಲ್ಲಿ 11 ಜನಕ್ಕೆ. ಏನೂ ಇಲ್ಲ ಅಂತ ತಳ್ಳಿಹಾಕೋ ಸಂಖ್ಯೆ ಅಲ್ಲ, ಆದ್ರೆ ದಿನಾ ರಾತ್ರಿ ನಿದ್ದೆ ಕೆಡಿಸ್ಕೊಳ್ಳೋ ಸಂಖ್ಯೆಯೂ ಅಲ್ಲ.

ಪ್ರಶ್ನೆ: ಸರ್, ಒಂದ್ಕಡೆ 4.5% ಅಂತಾರೆ, ಒಂದ್ಕಡೆ 7% ಅಂತಾರೆ, ಇನ್ನೊಂದ್ಕಡೆ 11% ಅಂತ ಇದೆ. ನಾನು ಲೆಕ್ಕದ ಮೇಷ್ಟ್ರು, ಹೀಗೆ ಒಬ್ಬೊಬ್ಬರು ಒಂದೊಂದು ಹೇಳಿದ್ರೆ ಯಾರನ್ನ ನಂಬೋದು?

ಉತ್ತರ: ಎಲ್ಲರನ್ನೂ ನಂಬಬಹುದು ಮೇಷ್ಟ್ರೇ, ಭಾಗಿಸಿದ್ದು ಯಾವ ಸಂಖ್ಯೆಯಿಂದ ಅಂತ ನೋಡ್ಕೊಂಡ್ರೆ ಆಯ್ತು. 4.5% ಅನ್ನೋದು 2010ರಲ್ಲಿ ಹಳೆಯ ಹಲವು ಅಧ್ಯಯನಗಳನ್ನ ಒಟ್ಟುಹಾಕಿ, ಸುಮಾರು 4,000 ಆರೋಗ್ಯವಂತರ ಮೇಲೆ ತೆಗೆದ ಸರಾಸರಿ. ಅದರಲ್ಲಿ ಟೈಪ್ 16 ಇದ್ದಿದ್ದು 1.3%, ನಾನು ಮೇಲೆ ಹೇಳಿದ ಒಂದು ಪರ್ಸೆಂಟ್‌ಗೆ ಹತ್ತಿರವೇ ಬಂತು ನೋಡಿ. 7% ಹತ್ತಿರದ್ದು ಅಮೆರಿಕದ ಸಮೀಕ್ಷೆ, 2011–14ರ ಸುತ್ತಿನಲ್ಲಿ 18ರಿಂದ 69 ವರ್ಷದವರಲ್ಲಿ ಅದು 7.3% ಆಯ್ತು. 11 ಚಿಲ್ಲರೆ ಅನ್ನೋದು ಅದೇ ಸುತ್ತಿನ ಗಂಡಸರದ್ದು ಮಾತ್ರ, 11.5%, ಹೆಂಗಸರದ್ದು 3.3%. ಎರಡೂ ಸೇರಿಸಿ ಸರಾಸರಿ ಹೊಡೆದ್ರೆ ಏಳರ ಹತ್ತಿರಕ್ಕೇ ಬಂದು ನಿಲ್ಲತ್ತೆ, ನೀವೇ ಮಾಡಿ ನೋಡಿ.

ಇದರ ಮೇಲೆ ಸ್ಯಾಂಪಲ್ ಹೇಗೆ ತಗೊಂಡ್ರು ಅನ್ನೋದೂ ಬರತ್ತೆ. ಹತ್ತಿ ಕಡ್ಡಿಯಲ್ಲಿ ಕೆನ್ನೆ ಒಳಗೆ ಒರೆಸಿದ್ರೆ ಒಂದು ಉತ್ತರ, ಗಂಟಲತನಕ ಮುಕ್ಕಳಿಸಿದ್ರೆ ಇನ್ನೊಂದು. ಎಷ್ಟು ಟೈಪ್ ಹುಡುಕಿದ್ರು, ಕಾಲೇಜು ಹುಡುಗರನ್ನ ತಗೊಂಡ್ರಾ ನಿವೃತ್ತರನ್ನ ತಗೊಂಡ್ರಾ, ಎಲ್ಲದರ ಮೇಲೂ ಅಂಕಿ ಏರಿಳಿಯತ್ತೆ. ಇನ್ಮೇಲೆ ಎಲ್ಲಾದ್ರೂ ಇಂಥ ಪರ್ಸೆಂಟ್ ಕಂಡ್ರೆ "ಯಾವುದಾದ್ರೂ ಎಚ್‌ಪಿವಿಯಾ, ಹೈ ರಿಸ್ಕಾ, ಇಲ್ಲ ಟೈಪ್ 16 ಒಂದೇನಾ" ಅಂತ ಮೊದ್ಲು ಕೇಳಿ. ಪತ್ರಿಕೆಗಳ ಹೆಡ್ಡಿಂಗ್‌ನಲ್ಲಿ ದೊಡ್ಡದು ಬರೋದು ಮೊದಲನೇದು, ರೋಗಕ್ಕೆ ಲೆಕ್ಕಕ್ಕೆ ಬರೋದು ಕೊನೇದು.

ಪ್ರಶ್ನೆ: ಗಂಡಸರಲ್ಲೇ ಯಾಕೆ ಇಷ್ಟು ಜಾಸ್ತಿ? ಇದ್ರಲ್ಲೂ ನಾವೇ ಮುಂದಾ?

ಉತ್ತರ: ಹೌದು, ಮೂರು ಪಟ್ಟು ಮುಂದು. ಹೈ ರಿಸ್ಕ್ ಟೈಪ್‌ಗಳನ್ನೇ ತಗೊಂಡ್ರೆ ಅಂತರ ಇನ್ನೂ ಜಾಸ್ತಿ, 2011–14ರ ಅಂಕಿಯಲ್ಲಿ ಗಂಡಸರು 6.8%, ಹೆಂಗಸರು 1.2%.

ಸಂಗಾತಿಗಳ ಸಂಖ್ಯೆ ಜಾಸ್ತಿ ಇರೋದು, ಸಿಗರೇಟು, ಇವೆರಡೂ ಸ್ವಲ್ಪ ಮಟ್ಟಿಗೆ ಕಾರಣ. ಆದ್ರೆ ಅಷ್ಟರಿಂದಲೇ ಪೂರ್ತಿ ಅಂತರ ತುಂಬಲ್ಲ, ಅಷ್ಟೇ ಸಂಗಾತಿಗಳಿರೋ ಗಂಡಸು ಹೆಂಗಸನ್ನ ಹೋಲಿಸಿದ್ರೂ ಗಂಡಸರಲ್ಲೇ ಹೆಚ್ಚು ಸಿಗತ್ತೆ. ಸಂಶೋಧಕರು ಕೊಡೋ ವಿವರಣೆ ಏನಪ್ಪಾ ಅಂದ್ರೆ, ಹೆಂಗಸರಿಗೆ ಎಚ್‌ಪಿವಿ ಮೊದ್ಲು ಜನನಾಂಗದ ಒಳಪದರಕ್ಕೆ ಬರತ್ತೆ, ಅಲ್ಲಿ ದೇಹ ಅದರ ವಿರುದ್ಧ ಆಂಟಿಬಾಡಿ ಚೆನ್ನಾಗಿ ತಯಾರು ಮಾಡ್ಕೊಳ್ಳತ್ತೆ, ಆಮೇಲೆ ಬಾಯಿಗೆ ಬಂದ್ರೂ ಎದುರಿಸೋಕೆ ಅದು ನೆರವಾಗತ್ತೆ. ಗಂಡಸರಲ್ಲಿ ವೈರಸ್ ಕೂರೋದು ಹೊರಗಿನ ಗಟ್ಟಿ ಚರ್ಮದ ಮೇಲೆ, ಅಲ್ಲಿ ಆಂಟಿಬಾಡಿ ಅಷ್ಟಾಗಿ ಏಳಲ್ಲ. ನನಗೂ ಈ ವಿವರಣೆ ಒಪ್ಪೋ ಹಾಗಿದೆ ಅನ್ಸತ್ತೆ.

ವಯಸ್ಸಿನ ಲೆಕ್ಕವೂ ವಿಚಿತ್ರ. ಹರೆಯದಲ್ಲಿ ಜಾಸ್ತಿ ಇದ್ದು ಆಮೇಲೆ ಇಳಿಯತ್ತೆ ಅಂತ ತಾನೇ ನಾವು ಅಂದ್ಕೊಳ್ಳೋದು? ಬಾಯಿಯ ವಿಷಯದಲ್ಲಿ ಎರಡು ಸಲ ಏರತ್ತೆ, 30–34ರಲ್ಲಿ ಒಂದ್ಸಲ 7.3%ಗೆ, ಮತ್ತೆ 60–64ರಲ್ಲಿ 11.4%ಗೆ. ತಾತಂದಿರ ವಯಸ್ಸಿನಲ್ಲಿ ಮೊಮ್ಮಕ್ಕಳ ವಯಸ್ಸಿನವರಿಗಿಂತ ಜಾಸ್ತಿ! ಆ ಪೀಳಿಗೆಯವರ ಹರೆಯದ ನಡವಳಿಕೆ ಬೇರೆ ಇದ್ದಿದ್ದು ಒಂದು ಕಾರಣ, ವಯಸ್ಸಾದ ಹಾಗೆ ರೋಗನಿರೋಧಕ ಶಕ್ತಿ ತಗ್ಗಿ ಮಲಗಿದ್ದ ವೈರಸ್ ಎದ್ದು ಕೂರೋದು ಇನ್ನೊಂದು, ಹೀಗೆ ಎರಡು ವಾದ ಇದೆ.

ಪ್ರಶ್ನೆ: ಇದನ್ನ ಯಾರ ಹತ್ರ ಕೇಳೋದು ಗೊತ್ತಾಗ್ದೆ ನಿಮಗೆ ಬರೀತಿದೀನಿ. ನನಗೆ 41. ಗರ್ಭಕಂಠದ ಪರೀಕ್ಷೆಯಲ್ಲಿ ಎಚ್‌ಪಿವಿ ಪಾಸಿಟಿವ್ ಬಂದಿದೆ. ಮದುವೆಯಾಗಿ ಹದಿನೇಳು ವರ್ಷ ಆಯ್ತು, ನನಗೆ ಬೇರೆ ಯಾರೂ ಇಲ್ಲ. ಅಂದ್ರೆ ಇವರೇ ಎಲ್ಲಿಂದಲೋ ತಂದಿರಬೇಕು ಅಲ್ವಾ? ಮತ್ತೆ ಇದು ನನ್ನ ಬಾಯಲ್ಲೂ ಇವರ ಬಾಯಲ್ಲೂ ಇರತ್ತಾ? ಮನೇಲಿ ಹದಿನೈದು ದಿನದಿಂದ ಮಾತಿಲ್ಲ.

ಉತ್ತರ: ಅಮ್ಮಾ, ಮೊದ್ಲು ಮನೇಲಿ ಮಾತಾಡಿ. ಆ ರಿಪೋರ್ಟ್ ಇಟ್ಕೊಂಡು ಯಾರನ್ನೂ ಕಟಕಟೆಗೆ ಹತ್ತಿಸೋಕೆ ಆಗಲ್ಲ. ಈ ವೈರಸ್ ಎಷ್ಟೋ ವರ್ಷ ಸದ್ದಿಲ್ಲದೆ, ಪರೀಕ್ಷೆಗೂ ಸಿಗದಷ್ಟು ಕಡಿಮೆ ಪ್ರಮಾಣದಲ್ಲಿ ಚರ್ಮದ ತಳಪದರದಲ್ಲಿ ಇರಬಹುದು, ಆಮೇಲೆ ಯಾವತ್ತೋ ಮೇಲೆ ಬಂದು ರಿಪೋರ್ಟ್‌ನಲ್ಲಿ ಕಾಣಿಸ್ಕೊಳ್ಳತ್ತೆ. ಮದುವೆಗೂ ಮುಂಚಿನದು ಇವತ್ತು ಪಾಸಿಟಿವ್ ಅಂತ ಬಂದಿದ್ರೂ ಬಂದಿರಬಹುದು. ಯಾವಾಗ ಬಂತು, ಯಾರಿಂದ ಬಂತು ಅಂತ ಹೇಳೋ ಪರೀಕ್ಷೆ ಜಗತ್ತಿನಲ್ಲೇ ಇಲ್ಲ.

ಬಾಯಿ ವಿಷಯಕ್ಕೆ ಬಂದ್ರೆ, ಒಂದು ಕಡೆ ಇದ್ರೆ ಇನ್ನೊಂದು ಕಡೆ ಇರೋ ಸಾಧ್ಯತೆ ಸ್ವಲ್ಪ ಜಾಸ್ತಿ, ಇದು ನಿಜ. ಗಂಡಸರ ಮೇಲೆ 2017ರಲ್ಲಿ ಬಂದ ವರದಿಯಲ್ಲಿ ಜನನಾಂಗದಲ್ಲಿ ಎಚ್‌ಪಿವಿ ಇದ್ದವರ ಪೈಕಿ 19.3% ಜನರ ಬಾಯಲ್ಲೂ ಯಾವುದಾದ್ರೂ ಒಂದು ತರದ ಎಚ್‌ಪಿವಿ ಇತ್ತು, ಇಲ್ಲದವರಲ್ಲಿ 4.4%. ಆದ್ರೆ ಇದನ್ನೇ ತಿರುಗಿಸಿ ಓದಿ, ಇದ್ದವರಲ್ಲೂ ಐದರಲ್ಲಿ ನಾಲ್ಕು ಜನರ ಬಾಯಲ್ಲಿ ಅದು ಇರಲಿಲ್ಲ. ಹೆಂಗಸರಲ್ಲಿ ಒಟ್ಟಾರೆ ಬಾಯಿಯ ಸೋಂಕೇ ಕಡಿಮೆ. ನಿಮ್ಮ ಸದ್ಯದ ಕೆಲಸ ಬಾಯಿ ನೋಡ್ಕೊಳ್ಳೋದಲ್ಲ, ಗರ್ಭಕಂಠದ ಮುಂದಿನ ಪರೀಕ್ಷೆಗೆ ಸ್ತ್ರೀರೋಗ ತಜ್ಞರು ಯಾವಾಗ ಬನ್ನಿ ಅಂದಿದಾರೋ ಆವಾಗ ತಪ್ಪದೆ ಹೋಗೋದು. ಅಲ್ಲಿ ಮೊದಲೇ ಹಿಡಿದ್ರೆ ಕ್ಯಾನ್ಸರ್ ಆಗೋಕೂ ಮುಂಚೆನೇ ನಿಲ್ಲಿಸೋ ದಾರಿ ಇದೆ, ಗಂಟಲಿಗೆ ಅಂಥ ಸೌಕರ್ಯ ಇಲ್ಲ.

ಪ್ರಶ್ನೆ: ಒಂದು ಲ್ಯಾಬ್‌ನವರು ಜೊಲ್ಲು ಕೊಟ್ರೆ ಸಾಕು ಓರಲ್ ಎಚ್‌ಪಿವಿ ಟೆಸ್ಟ್ ಮಾಡಿ ಕೊಡ್ತೀವಿ ಅಂತ ಜಾಹೀರಾತು ಹಾಕಿದಾರೆ. ಒಂದ್ಸಲ ಮಾಡಿಸಿ ನಿಶ್ಚಿಂತೆಯಾಗಿ ಇರೋಣ ಅಂತ.

ಉತ್ತರ: ನಿಶ್ಚಿಂತೆ ಸಿಗಲ್ಲ, ದುಡ್ಡು ಹೋಗತ್ತೆ. ಯಾವ ತೊಂದರೆಯೂ ಇಲ್ಲದವರಿಗೆ ಬಾಯಿಯ ಎಚ್‌ಪಿವಿ ಟೆಸ್ಟ್ ಮಾಡಿಸಿ ಅಂತ ಶಿಫಾರಸು ಇಲ್ಲ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಇದಕ್ಕೆ ಅಂತ ಯಾವ ಟೆಸ್ಟನ್ನೂ ಒಪ್ಪಿಲ್ಲ. ಪಾಸಿಟಿವ್ ಬಂತು ಅಂತ ಇಟ್ಕೊಳ್ಳಿ, ಆಮೇಲೆ? ವೈರಸ್ ಓಡಿಸೋ ಔಷಧಿ ಇಲ್ಲ. ಗರ್ಭಕಂಠದಲ್ಲಾದ್ರೆ ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ ಹುಡುಕಿ ಅಷ್ಟು ಭಾಗ ತೆಗೀಬಹುದು. ಗಂಟಲಲ್ಲಿ ಈ ಕ್ಯಾನ್ಸರ್ ಹುಟ್ಟೋದು ಟಾನ್ಸಿಲ್‌ನ ಆಳವಾದ ಸಂದುಗಳಲ್ಲಿ, ನಾಲಿಗೆಯ ಬುಡದಲ್ಲಿ, ಅಲ್ಲಿ ಆ ಮುಂಚಿನ ಹಂತ ಕಣ್ಣಿಗೂ ಸಿಗಲ್ಲ, ಕೆರೆದು ತೆಗೆಯೋಕೂ ಸಿಗಲ್ಲ. ಹಾಗಾಗಿ ನಿಮಗೆ ಸಿಗೋದು ಏಳೆಂಟು ತಿಂಗಳ ಚಿಂತೆ, ಆಮೇಲೆ ಬಹುಶಃ ಒಂದು ನೆಗೆಟಿವ್ ರಿಪೋರ್ಟ್. ನೆಗೆಟಿವ್ ಬಂದ್ರೂ ಅಷ್ಟೇ, ಅದು ಆ ದಿನದ ಮಾತು.

ಗಂಟಲಲ್ಲಿ ಗಡ್ಡೆ ಇದ್ದು ಅದರಿಂದ ತುಂಡು ತೆಗೆದು ಎಚ್‌ಪಿವಿ ನೋಡೋದು ಬೇರೆ, ಅದು ಬೇಕೇ ಬೇಕು. ಎಚ್‌ಪಿವಿಯಿಂದ ಬಂದ ಗಡ್ಡೆಯಲ್ಲಿ ಹೆಚ್ಚಾಗಿರೋ ಪಿ16 ಅನ್ನೋ ಪ್ರೊಟೀನ್‌ಗೆ ಬಣ್ಣ ಹಾಕಿ ನೋಡ್ತಾರೆ, ಎಚ್‌ಪಿವಿಯಿಂದ ಬಂದ ಗಂಟಲ ಕ್ಯಾನ್ಸರ್ ತಂಬಾಕಿನಿಂದ ಬಂದಿದ್ದಕ್ಕಿಂತ ಚಿಕಿತ್ಸೆಗೆ ಚೆನ್ನಾಗಿ ಬಗ್ಗತ್ತೆ, ಆದ್ರಿಂದ ಯಾವುದು ಅಂತ ಗೊತ್ತಾಗಬೇಕು.

ಪ್ರಶ್ನೆ: ಎಂಜಲು ಲೋಟ, ಮುತ್ತು, ಇದರಿಂದೆಲ್ಲ ಬರತ್ತಾ?

ಉತ್ತರ: ಲೋಟ ಚಮಚದ ಚಿಂತೆ ಬಿಡಿ. ಮುಖ್ಯ ದಾರಿ ಓರಲ್ ಸೆಕ್ಸ್. ತುಟಿಗೆ ತುಟಿ ಒತ್ತಿ ಗಾಢವಾಗಿ ಕೊಡೋ ಮುತ್ತಿನಿಂದಲೂ ದಾಟಬಹುದು ಅಂತ ಕೆಲವು ಅಧ್ಯಯನ ಹೇಳತ್ತೆ, ಅದು ಇದ್ರೂ ಸಣ್ಣ ಪಾಲು. ಮೇಲಿನ ಅದೇ 2009–10ರ ಸಮೀಕ್ಷೆಯಲ್ಲಿ ಯಾವ ತರದ ಲೈಂಗಿಕ ಸಂಪರ್ಕವೂ ಇಲ್ಲದವರಲ್ಲಿ ಬಾಯಿಯ ಎಚ್‌ಪಿವಿ 0.9%, ಇದ್ದವರಲ್ಲಿ 7.5%. ಬರೀ ಎಂಜಲಿಂದ ಹರಡೋ ಹಾಗಿದ್ರೆ ಇಷ್ಟು ವ್ಯತ್ಯಾಸ ಬರ್ತಿರಲಿಲ್ಲ. ದಿನಕ್ಕೆ ಸೇದೋ ಸಿಗರೇಟಿನ ಸಂಖ್ಯೆ ಜಾಸ್ತಿಯಾದ ಹಾಗೆಲ್ಲ ಸೋಂಕೂ ಜಾಸ್ತಿ ಸಿಕ್ತು ಅನ್ನೋದನ್ನ ಇದರ ಜೊತೆಗೇ ಹೇಳ್ಬೇಕು, ಯಾಕಂದ್ರೆ ಮುತ್ತಿನ ಬಗ್ಗೆ ಹತ್ತು ಪ್ರಶ್ನೆ ಬರತ್ತೆ, ಸಿಗರೇಟಿನ ಬಗ್ಗೆ ಒಂದೂ ಬರಲ್ಲ.

ಪ್ರಶ್ನೆ: ನನಗೆ 44, ಮಗನಿಗೆ 12. ಎಚ್‌ಪಿವಿ ಲಸಿಕೆ ಹೆಣ್ಣು ಮಕ್ಕಳಿಗೆ ತಾನೇ? ಬಾಯಿಯ ಎಚ್‌ಪಿವಿಗೂ ಕೆಲಸ ಮಾಡತ್ತಾ? ನಾನೂ ತಗೋಬಹುದಾ?

ಉತ್ತರ: ಮಗನಿಗೆ ಹಾಕ್ಸಿ, ಸರಿಯಾದ ವಯಸ್ಸು. ಲಸಿಕೆ ಬಂದಿದ್ದು 2006ರಲ್ಲಿ, ಆಗ ಗುರಿ ಗರ್ಭಕಂಠದ ಕ್ಯಾನ್ಸರ್ ಆಗಿತ್ತು, ಬಾಯಿಯ ಮಾತು ಆಮೇಲೆ ಬಂತು. ಕೋಸ್ಟರಿಕಾದಲ್ಲಿ ಯುವತಿಯರ ಮೇಲೆ ನಡೆದ ಲಸಿಕೆ ಪ್ರಯೋಗದಲ್ಲಿ ನಾಲ್ಕು ವರ್ಷದ ಮೇಲೆ ಬಾಯಿಯನ್ನೂ ಪರೀಕ್ಷೆ ಮಾಡಿದ್ರು, ಲಸಿಕೆ ತಗೊಳ್ಳದವರ ಗುಂಪಿನಲ್ಲಿ 15 ಜನರ ಬಾಯಲ್ಲಿ ಟೈಪ್ 16 ಅಥವಾ 18 ಸಿಕ್ತು, ತಗೊಂಡವರಲ್ಲಿ ಒಬ್ಬರಲ್ಲಿ ಮಾತ್ರ. ಅಮೆರಿಕದಲ್ಲಿ 18ರಿಂದ 33 ವರ್ಷದವರನ್ನ ನೋಡಿದಾಗಲೂ ಲಸಿಕೆಯಲ್ಲಿರೋ ಟೈಪ್‌ಗಳು ತಗೊಳ್ಳದವರ ಬಾಯಲ್ಲಿ 1.61%, ತಗೊಂಡವರಲ್ಲಿ 0.11%. ಇದನ್ನೆಲ್ಲ ನೋಡಿ 2020ರಲ್ಲಿ ಎಫ್‌ಡಿಎ ಒಂಬತ್ತು ಟೈಪಿನ ಲಸಿಕೆಯ ಉಪಯೋಗದ ಪಟ್ಟಿಗೆ ಗಂಟಲು, ತಲೆ ಕುತ್ತಿಗೆ ಭಾಗದ ಕ್ಯಾನ್ಸರನ್ನೂ ಸೇರಿಸ್ತು. ಗಂಡು ಹೆಣ್ಣು ಅಂತ ಭೇದ ಇಲ್ಲ, ಬಾಯಿಯ ವಿಷಯದಲ್ಲಂತೂ ಗಂಡು ಮಕ್ಕಳಿಗೇ ಲಾಭ ಜಾಸ್ತಿ.

ನಿಮ್ಮ ವಿಷಯ ಬೇರೆ. ಎಫ್‌ಡಿಎ 2018ರಲ್ಲಿ 45 ವರ್ಷದವರೆಗೂ ಕೊಡಬಹುದು ಅಂತ ಒಪ್ಪಿದೆ, ಆದ್ರೆ ಈಗಾಗಲೇ ಬಂದಿರೋ ಸೋಂಕನ್ನ ಲಸಿಕೆ ತೆಗೆಯಲ್ಲ, ಈ ವಯಸ್ಸಿಗೆ ಬಹಳ ಜನ ಒಂದಲ್ಲ ಒಂದು ಟೈಪ್ ಆಗಲೇ ಕಂಡಿರ್ತಾರೆ. ಒಬ್ಬರೇ ಸಂಗಾತಿ, ಬಹಳ ವರ್ಷದ ಸಂಸಾರ ಅಂದ್ರೆ ನಿಮಗೆ ಸಿಗೋ ಲಾಭ ಕಡಿಮೆ. ಆ ದುಡ್ಡಲ್ಲಿ ಮಗನದ್ದು ಮುಗಿಸಿ.

ಪ್ರಶ್ನೆ: ನಮ್ಮ ಯಜಮಾನ್ರಿಗೆ 57 ವರ್ಷ. ಸಿಗರೇಟು ಕುಡಿತ ಏನೂ ಇಲ್ಲ. ದವಡೆ ಕೆಳಗೆ ಕುತ್ತಿಗೆಯ ಒಂದು ಪಕ್ಕ ಗೋಲಿ ಗಾತ್ರದ ಗಂಟು ಬಂದು ಎರಡು ತಿಂಗಳಾಯ್ತು, ನೋವಿಲ್ಲ. ಒಬ್ಬ ಡಾಕ್ಟ್ರು ಆಂಟಿಬಯೋಟಿಕ್ ಕೊಟ್ರು, ಕಡಿಮೆ ಆಗ್ಲಿಲ್ಲ, ಇನ್ನೊಬ್ಬರು ನೀರುಗುಳ್ಳೆ ಏನೂ ಆಗಲ್ಲ ಅಂದ್ರು. ನೋವಿಲ್ವಲ್ಲ ಬಿಡು ಅಂತ ಇವರು ಅಂತಾರೆ. ಇದಕ್ಕೂ ಎಚ್‌ಪಿವಿಗೂ ಸಂಬಂಧ ಇರತ್ತಾ?

ಉತ್ತರ: ಇರಬಹುದು, ಅದಕ್ಕೇ ಈ ಪತ್ರಕ್ಕೆ ಪತ್ರಿಕೆ ಬರೋತನಕ ಕಾಯದೆ ಫೋನಲ್ಲೇ ಉತ್ತರ ಕೊಟ್ಟಿದೀನಿ, ಬೇರೆಯವರಿಗೂ ಗೊತ್ತಾಗಲಿ ಅಂತ ಇಲ್ಲಿ ಹಾಕ್ತಿದೀನಿ. ನೋವಿಲ್ಲ ಅನ್ನೋದು ಸಮಾಧಾನದ ಮಾತಲ್ಲ. ಎಚ್‌ಪಿವಿಯಿಂದ ಬರೋ ಗಂಟಲ ಕ್ಯಾನ್ಸರ್‌ನಲ್ಲಿ ಎಷ್ಟೋ ಸಲ ಮೊದ್ಲು ಕಾಣೋದೇ ಹೀಗೆ, ಗಂಟಲು ಚೆನ್ನಾಗೇ ಇರತ್ತೆ, ಕುತ್ತಿಗೆಯಲ್ಲಿ ನೋವಿಲ್ಲದ ಗಂಟು. ಆ ಗಂಟಿನೊಳಗೆ ನೀರು ತುಂಬಿಕೊಂಡಿರೋದೂ ಮಾಮೂಲಿ, ಅದಕ್ಕೇ ಸ್ಕ್ಯಾನ್‌ನಲ್ಲಿ ಸಾದಾ ನೀರುಗುಳ್ಳೆ ತರ ಕಂಡು ಮೋಸ ಮಾಡತ್ತೆ. 40 ದಾಟಿದವರ ಕುತ್ತಿಗೆಯಲ್ಲಿ ಹೊಸದಾಗಿ ಅಂಥ ಗುಳ್ಳೆ ಬಂದ್ರೆ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಆಗೋತನಕ ಅನುಮಾನದಿಂದಲೇ ನೋಡ್ಬೇಕು. ಸಿಗರೇಟು ಇಲ್ಲ ಅನ್ನೋದೂ ಇಲ್ಲಿ ರಕ್ಷಣೆ ಆಗಲ್ಲ, ಅಮೆರಿಕದಲ್ಲಿ ಗಂಟಲ ಈ ಭಾಗದ ಕ್ಯಾನ್ಸರ್‌ಗಳಲ್ಲಿ ಸುಮಾರು 70% ಎಚ್‌ಪಿವಿ ಸಂಬಂಧದ್ದು, ಅದರಲ್ಲಿ ಸೇದದೇ ಇರೋರೂ ಬಹಳ ಜನ ಇದಾರೆ.

ಎರಡು ಮೂರು ವಾರ ದಾಟಿದ ಗಂಟಿಗೆ ಮತ್ತೊಂದು ಸುತ್ತು ಆಂಟಿಬಯೋಟಿಕ್ ಬೇಡ. ಇಎನ್‌ಟಿ ಡಾಕ್ಟ್ರ ಹತ್ರ ಈ ವಾರವೇ ಕರ್ಕೊಂಡು ಹೋಗಿ, ಮೂಗಿನಿಂದ ಸಣ್ಣ ಕ್ಯಾಮೆರಾ ಹಾಕಿ ಟಾನ್ಸಿಲ್, ನಾಲಿಗೆ ಬುಡ ನೋಡಿ ಅಂತ ಕೇಳಿ, ಗಂಟಿನಿಂದ ಸೂಜಿಯಲ್ಲಿ ಸ್ಯಾಂಪಲ್ ತೆಗೆಸಿ. ಸೂಜಿ ಪರೀಕ್ಷೆಗೆ ಮುಂಚೆ ಯಾರಾದ್ರೂ ಗಂಟನ್ನೇ ಕುಯ್ದು ತೆಗೆದುಬಿಡೋಣ ಅಂದ್ರೆ ಒಪ್ಪಬೇಡಿ. ಒಂದೇ ಪಕ್ಕದ ಗಂಟಲು ನೋವು, ಅದೇ ಪಕ್ಕದ ಕಿವಿ ನೋವು, ನುಂಗೋಕೆ ಕಷ್ಟ, ಜೊಲ್ಲಲ್ಲಿ ರಕ್ತ, ಇವ್ಯಾವ್ದಾದ್ರೂ ಇದ್ಯಾ ಅಂತ ಯಜಮಾನ್ರನ್ನ ಕೇಳಿ ಬರ್ಕೊಂಡು ಹೋಗಿ, ಅವರಾಗೇ ಡಾಕ್ಟ್ರಿಗೆ ಹೇಳೋ ತರ ಕಾಣಲ್ಲ.